ಅಮ್ಮನಿಗೆ ಸ್ಕೂಟರ್ ತಾಗಿತ್ತು, ‘ಏನೂ ಆಗಿಲ್ಲ’ ಅಂತ ಬಿಟ್ಟುಬಿಟ್ಟೆವು. ಈಗ ಕ್ಲೇಮ್ ಮಾಡಬಹುದಾ?

ಮೋತಿಸರ್ಕಲ್_ಮೊಬೈಲ್ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮದು ಬಳ್ಳಾರಿ. ಇವತ್ತಿಗೆ 25 ದಿನ ಆಯಿತು. ಅಮ್ಮ (58 ವರ್ಷ) ಸಂಜೆ ಮಾರ್ಕೆಟ್‌ನಿಂದ ತರಕಾರಿ ಚೀಲ ಹಿಡಿದು ಬರುತ್ತಿದ್ದರು. ತಿರುವಿನಲ್ಲಿ ಒಬ್ಬ ಹುಡುಗ ಸ್ಕೂಟರ್ ತಂದು ತಾಗಿಸಿದ. ಸ್ಪೀಡ್ ಏನೂ ಇರಲಿಲ್ಲ. ಅಮ್ಮ ವಾಲಿ ಕೂತುಬಿಟ್ಟರು, ಬಲಗಾಲು ಅಡಿಗೆ ಸಿಕ್ಕಿತು. ರಕ್ತ ಇಲ್ಲ, ಗಾಯ ಇಲ್ಲ, ಟೊಮೆಟೊ ಮಾತ್ರ ರಸ್ತೆ ತುಂಬ. ಜನ ಸೇರಿದರು, ಯಾರೋ ಸೋಡಾ ಕುಡಿಸಿದರು. ಹುಡುಗ ಅಳುವ ಹಾಗಿದ್ದ, 500 ರೂಪಾಯಿ ಕೊಡಲು ಬಂದ. ಅಮ್ಮನೇ "ಏನಾಗಿಲ್ಲ ಹೋಗಪ್ಪ, ನಿಧಾನಕ್ಕೆ ಓಡಿಸು" ಅಂತ ದುಡ್ಡು ವಾಪಸ್ ಕೊಟ್ಟು ಕಳಿಸಿದರು. ನನ್ನ ಅಂಗಡಿ ಅಲ್ಲೇ ಹತ್ತಿರ, ಓಡಿ ಹೋಗಿದ್ದೆ. ಸುಮ್ನೆ ಇರಲಿ ಅಂತ ಗಾಡಿ ನಂಬರ್ ಫೋಟೊ ತೆಗೆದೆ, ಅಷ್ಟೇ.

ಮೂರನೇ ದಿನಕ್ಕೆ ಮಂಡಿ ಊದಿಕೊಂಡಿತು. ಪಕ್ಕದ ಮನೆ ಅಕ್ಕನ ಜೊತೆ ಬೀದಿಯ ಕ್ಲಿನಿಕ್‌ಗೆ ಹೋಗಿ ಗುಳಿಗೆ, ಮುಲಾಮು ತಂದರು. 12ನೇ ದಿನಕ್ಕೂ ಕಾಲು ಊರಲು ಆಗಲಿಲ್ಲ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ಚೆನ್ನಾಗಿದೆ ಅಂದರು. ಎಂಆರ್‌ಐ ಮಾಡಿಸಿದರೆ ಮೊಣಕಾಲ ಕೆಳಗಿನ ಮೂಳೆಯ ತಲೆಭಾಗದಲ್ಲಿ ಕೂದಲೆಳೆಯಂಥ ಬಿರುಕು, ಮೇಲೆ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹರಿದಿದೆ. ಆಪರೇಷನ್‌ಗೆ 1.2 ಲಕ್ಷ ಹೇಳಿದ್ದಾರೆ.

ತಪ್ಪು ಮಾಡಿದ್ದು ನಾನು. ಆಸ್ಪತ್ರೆಯಲ್ಲಿ "ಹೇಗಾಯಿತು" ಅಂತ ಕೇಳಿದಾಗ "ಮನೆಯಲ್ಲಿ ಕಾಲು ಜಾರಿ ಬಿದ್ದರು" ಅಂದುಬಿಟ್ಟೆ. ಆಕ್ಸಿಡೆಂಟ್ ಅಂದರೆ ಪೊಲೀಸ್ ಕೇಸ್ ಆಗುತ್ತದೆ, ಸ್ಟೇಷನ್ನಿಗೆ ಅಲೆದಾಡಿಸುತ್ತಾರೆ ಅಂತ ಜೊತೆಗೆ ಬಂದಿದ್ದ ಸ್ನೇಹಿತ ಹೆದರಿಸಿದ್ದ. ಈಗ ಕ್ಲೇಮ್ ಮಾಡಲು ಆಗುತ್ತದಾ? ಅಮ್ಮ ಬೇರೆ "ಪಾಪದ ಹುಡುಗ, ಅವನ ಹೊಟ್ಟೆ ಮೇಲೆ ಹೊಡೀಬೇಡ" ಅನ್ನುತ್ತಿದ್ದಾರೆ.

ರಾಯಚೂರು_ಬಿಸಿಲು

ಮೊದಲು ಅಮ್ಮನಿಗೆ ಬೇಗ ಗುಣವಾಗಲಿ. ಕ್ಲೇಮ್ ಕಥೆ ಮುಗಿಯಿತು ಅನಿಸುತ್ತದೆ ಅಣ್ಣಾ. ಆಸ್ಪತ್ರೆ ಕಾಗದದಲ್ಲಿ ಜಾರಿ ಬಿದ್ದರು ಅಂತ ಇದ್ದರೆ ಇನ್ಶೂರೆನ್ಸ್‌ನವರು ಅದೊಂದನ್ನೇ ಹಿಡಿದುಕೊಂಡು ಕೂರುತ್ತಾರೆ.

ಮಿರ್ಚಿ_ಮಂಡಕ್ಕಿ

25 ದಿನ ಆದಮೇಲೆ ಜ್ಞಾನೋದಯ. 500 ಇಸ್ಕೊಂಡಿದ್ದರೆ ಟೊಮೆಟೊ ಆದರೂ ಬರುತ್ತಿತ್ತು 😄

ಹುಲಗಿ_ಭಕ್ತೆ

@ಮಿರ್ಚಿ_ಮಂಡಕ್ಕಿ ಎಲ್ಲದಕ್ಕೂ ನಗಬೇಡಿ ರೀ. ನಮ್ಮ ಮನೆಯಲ್ಲೂ ಹೀಗೇ ಆಗಿದೆ. ಬಿದ್ದ ತಕ್ಷಣ ಹೆಂಗಸರು ಮೊದಲು ನೋಡೋದು ಸೀರೆ ಸರಿ ಇದೆಯಾ, ಯಾರಾದರೂ ನೋಡಿದರಾ ಅಂತ. ನೋವು ಆಮೇಲೆ ಗೊತ್ತಾಗುತ್ತದೆ. "ಏನಾಗಿಲ್ಲ" ಅನ್ನೋದು ನಾಚಿಕೆಯ ಮಾತು, ಅದನ್ನೇ ಡಾಕ್ಟರ್ ಸರ್ಟಿಫಿಕೇಟ್ ಅಂದುಕೊಂಡು ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ.

ಕ್ಯಾಶುವಾಲ್ಟಿ_ನೈಟ್‌ಡ್ಯೂಟಿ

ನಾನು ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕೆಲಸ ಮಾಡುತ್ತೇನೆ, ಯಾವುದು ಅಂತ ಬೇಡ. ವಾರಕ್ಕೆ ಹತ್ತು ಜನ ಹೀಗೆ ಹೇಳುತ್ತಾರೆ. ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡೇ "ಬಾತ್‌ರೂಮಿನಲ್ಲಿ ಜಾರಿದೆ" ಅಂದವರನ್ನೂ ನೋಡಿದ್ದೇನೆ. ನಾವು ನೀವು ಹೇಳಿದ್ದನ್ನೇ ಬರೆಯಬೇಕು, ಊಹಿಸಿ ಬರೆಯುವ ಹಾಗಿಲ್ಲ.

ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ ಲೀಗಲ್ ಕೇಸ್) ಅಂದರೆ ಹೆದರುವುದು ಯಾಕೋ ಗೊತ್ತಿಲ್ಲ. ಆಕ್ಸಿಡೆಂಟ್ ಅಂತ ಹೇಳಿದರೆ ನಾವು ಒಂದು ರಿಜಿಸ್ಟರ್‌ನಲ್ಲಿ ಬರೆದು ಸ್ಟೇಷನ್ನಿಗೆ ಮಾಹಿತಿ ಕಳಿಸುತ್ತೇವೆ. ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ, ಪೊಲೀಸರು ಬರುವವರೆಗೆ ಕಾಯಿಸುವ ಹಾಗೂ ಇಲ್ಲ. ಮೊದಲು ಚಿಕಿತ್ಸೆ, ಆಮೇಲೆ ಕಾಗದ. ಮುಂದೆ ಗಾಯದ ವಿವರ ಇರುವ ವೂಂಡ್ ಸರ್ಟಿಫಿಕೇಟ್ ಬರೆಯುವುದೂ ಅದೇ ದಾಖಲೆ ನೋಡಿಕೊಂಡು. ಆ ಮೊದಲ ಐದು ನಿಮಿಷದಲ್ಲಿ ನೀವು ಹೇಳಿದ ಒಂದು ಮಾತು ಕೊನೆಯವರೆಗೂ ನಿಮ್ಮ ಹಿಂದೆ ಬರುತ್ತದೆ.

ಶಾರ್ಟ್‌ಕಟ್_ಸ್ವಾಮಿ

ಬ್ರೋ ಟೆನ್ಷನ್ ಬೇಡ. ಆ ಆಸ್ಪತ್ರೆ ಕಾಗದ ಹರಿದು ಹಾಕಿ. ಬೇರೆ ಊರಲ್ಲಿ ಬೇರೆ ನರ್ಸಿಂಗ್ ಹೋಮ್‌ಗೆ ಸೇರಿಸಿ ನಿನ್ನೆ ಆಕ್ಸಿಡೆಂಟ್ ಆಯಿತು ಅಂತ ಹೊಸದಾಗಿ ಬರೆಸಿ. ಗೊತ್ತಿರೋರ ಗಾಡಿ ಯಾವುದಾದರೂ ಇನ್ಶೂರೆನ್ಸ್ ಇರೋದನ್ನ ಹಾಕಿದರೆ ಆಯಿತು. ಎಲ್ಲರೂ ಮಾಡೋದೇ ಅದು.

ಕಪ್ಪುಕೋಟು_ಕೊಪ್ಪಳ

@ಶಾರ್ಟ್‌ಕಟ್_ಸ್ವಾಮಿ ನೀವು ಹೇಳಿದ ಹಾಗೆ ಮಾಡಿದರೆ ಇವರಿಗೆ ಬರುವ ದುಡ್ಡೂ ಹೋಗುತ್ತದೆ, ಮೇಲೆ ಮೋಸ, ಸುಳ್ಳು ದಾಖಲೆ ಅಂತ ಇವರ ಮೇಲೇ ಕೇಸ್ ಬೀಳುತ್ತದೆ. ನಿಜವಾಗಿ ಏಟು ಬಿದ್ದ ಹೆಣ್ಣುಮಗಳನ್ನು ಸುಳ್ಳು ಕೇಸಿಗೆ ನಿಲ್ಲಿಸುವುದು ಎಂಥ ಬುದ್ಧಿ? ಇಂಥವರಿಂದಲೇ ನಿಜವಾದ ಕ್ಲೇಮುಗಳನ್ನೂ ಜಡ್ಜ್ ಅನುಮಾನದಿಂದ ನೋಡುವ ಹಾಗಾಗಿದೆ.

@ಮೋತಿಸರ್ಕಲ್_ಮೊಬೈಲ್ ನೀವು ಕೇಳಿ. ನಾನು ಕೊಪ್ಪಳದಲ್ಲಿ ವಕೀಲ, ಎಂವಿಸಿ (ವಾಹನ ಅಪಘಾತ ಪರಿಹಾರದ) ಕೇಸುಗಳನ್ನು ನೋಡುತ್ತೇನೆ. ಕಥೆ ಮುಗಿದಿಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಟ್ರಿಬ್ಯೂನಲ್‌ಗೆ (ಅಪಘಾತ ಪರಿಹಾರ ತೀರ್ಮಾನಿಸುವ ಕೋರ್ಟಿಗೆ) ಅರ್ಜಿ ಹಾಕಬೇಕು. ಈ ಗಡುವು 2022ರ ಏಪ್ರಿಲ್ 1ರಿಂದ ಬಂದದ್ದು, 1994ರಿಂದ ಅಲ್ಲಿಯವರೆಗೆ ಗಡುವೇ ಇರಲಿಲ್ಲ. ಹಳೆಯ ಕಾಲದವರು ಇನ್ನೂ "ಯಾವಾಗ ಬೇಕಾದರೂ ಹಾಕಬಹುದು" ಅನ್ನುತ್ತಾರೆ, ನಂಬಬೇಡಿ. ನಿಮಗೆ 25 ದಿನ ಅಷ್ಟೇ ಆಗಿದೆ.

ನಾಳೆ ಬೆಳಿಗ್ಗೆಯೇ ಟ್ರಾಫಿಕ್ ಸ್ಟೇಷನ್ನಿಗೆ ಹೋಗಿ ದೂರು ಬರೆದುಕೊಡಿ. ತಡ ಯಾಕಾಯಿತು ಅನ್ನುವುದನ್ನೂ ಇಲ್ಲಿ ಬರೆದ ಹಾಗೇ ಬರೆಯಿರಿ, ಸಿಂಗಾರ ಬೇಡ. ತಡವಾಗಿ ಎಫ್‌ಐಆರ್ ಆಯಿತು ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಮ್ಮ ಜನ ಮೊದಲು ಸ್ಟೇಷನ್ನಿಗೆ ಓಡುವುದಿಲ್ಲ, ಗಾಯಾಳುವನ್ನು ನೋಡಿಕೊಳ್ಳುತ್ತಾರೆ ಅನ್ನುವುದು ಕೋರ್ಟಿಗೂ ಗೊತ್ತು. ಆದರೆ ತಡಕ್ಕೆ ಒಪ್ಪುವಂಥ ಕಾರಣ ಬೇಕು.

ಆಸ್ಪತ್ರೆಯ ಹಳೆಯ ಕಾಗದ ತಿದ್ದಿಸಲು ಹೋಗಬೇಡಿ. ಡಾಕ್ಟರಿಗೆ ನಿಜ ಹೇಳಿ, ಇವತ್ತಿನ ತಾರೀಕು ಹಾಕಿ ಹೊಸ ನೋಟ್ ಬರೆಯಲು ಕೇಳಿ. ಇನ್ನೊಂದು ಮುಖ್ಯ ಪ್ರಶ್ನೆ. ಮೂರನೇ ದಿನ ಹೋದ ಬೀದಿ ಕ್ಲಿನಿಕ್ಕಿನ ಚೀಟಿ ಇದೆಯಾ? ಅದರಲ್ಲಿ ಏನು ಬರೆದಿದೆ?

ಮೋತಿಸರ್ಕಲ್_ಮೊಬೈಲ್

ಸರ್ ತುಂಬಾ ಧನ್ಯವಾದ. ಚೀಟಿ ಹುಡುಕುತ್ತೇನೆ. ಅಮ್ಮ ಮಲಗಿದ್ದಾರೆ.

ಸಿಂಧನೂರು_ಭತ್ತ

ನನ್ನದೂ ಒಂದು ಇದೆ. ಹೋದ ಸುಗ್ಗಿಯಲ್ಲಿ ಕಾರಟಗಿ ದಾಟಿ ಬರುವಾಗ ರಸ್ತೆ ಮೇಲೆ ಭತ್ತ ಒಣಹಾಕಿದ್ದರು. ಕತ್ತಲಲ್ಲಿ ಬೈಕ್ ಜಾರಿತು, ಮಣಿಕಟ್ಟು ಉಳುಕಿದೆ ಅಂದುಕೊಂಡು ಬೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡೆ. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಎರಡು ವಾರ ಬಿಟ್ಟು ಮತ್ತೆ ತೆಗೆಸಿದರೆ ಹೆಬ್ಬೆರಳ ಬುಡದ ಚಿಕ್ಕ ಮೂಳೆ ಮುರಿದಿತ್ತು. ನನ್ನ ಗಾಡಿಯ ಇನ್ಶೂರೆನ್ಸ್‌ನಲ್ಲಿ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಇದೆ ಅಂತ ಖುಷಿಯಿಂದ ಹೋದರೆ ಅದು ಸತ್ತರೆ, ಇಲ್ಲವೇ ಕೈ ಕಾಲು ಕಣ್ಣು ಹೋದರೆ, ಪೂರ್ತಿ ಶಾಶ್ವತ ಊನವಾದರೆ ಮಾತ್ರವಂತೆ. ಮೂಳೆ ಮುರಿದರೆ ಸೊನ್ನೆ.

ಫಿಸಿಯೊ_ಅಕ್ಕ

@ಸಿಂಧನೂರು_ಭತ್ತ ಅದು ಸ್ಕೇಫಾಯ್ಡ್ ಮೂಳೆ. ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದಕ್ಕೆ ಹೆಸರುವಾಸಿ. ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಸಬೇಕು. ಬಿಟ್ಟರೆ ಕೂಡಿಕೊಳ್ಳದೆ ಹಾಗೇ ಉಳಿಯಬಹುದು, ಜಾಗ್ರತೆ.

ಅಮ್ಮನ ಮಂಡಿ ವಿಷಯದಲ್ಲಿ ಒಂದು ಮಾತು. 58 ವರ್ಷ ಅಂದರೆ ಎಂಆರ್‌ಐ ರಿಪೋರ್ಟಿನಲ್ಲಿ ಸವಕಲು ಅಂತ ಒಂದು ಸಾಲು ಇದ್ದೇ ಇರುತ್ತದೆ. ಎದುರಿನ ವಕೀಲ ಅದನ್ನೇ ಓದಿ "ಇದು ವಯಸ್ಸಿನ ಮಂಡಿನೋವು" ಅನ್ನುತ್ತಾನೆ. ಹೊಸ ಏಟಾದರೆ ಮೂಳೆಯೊಳಗೆ ಊತ ಕಾಣುತ್ತದೆ, ರಿಪೋರ್ಟಿನಲ್ಲಿ ಅದನ್ನೂ ಬರೆದಿರುತ್ತಾರೆ. ಆ ಸಾಲು ಇದೆಯಾ ಅಂತ ಡಾಕ್ಟರನ್ನು ಕೇಳಿ. ಫಿಲ್ಮ್, ಸಿಡಿ ಎರಡನ್ನೂ ಇಟ್ಟುಕೊಳ್ಳಿ.

ಜಾಲಿಗಿಡ

ರಸ್ತೆಯಲ್ಲಿ ಭತ್ತ ಹಾಕಿದವರ ಮೇಲೆ ಕೇಸ್ ಹಾಕಬೇಕಿತ್ತು. ಕಲ್ಲು ಬೇರೆ ಇಟ್ಟಿರುತ್ತಾರೆ ಅಂಚಿಗೆ. ರಾತ್ರಿ ಹೊತ್ತು ಅದು ಯಮನ ಮನೆ.

ಎಡದಂಡೆ_ರೈತ

ಎಲ್ಲಿ ಒಣಗಿಸಬೇಕು ಹೇಳಿ? ನಿಮ್ಮ ಟೆರೇಸ್ ಮೇಲೆ ತರಲಾ? ಕಣ ಇಲ್ಲ, ಮಳೆ ಯಾವಾಗ ಬರುತ್ತದೋ ಗೊತ್ತಿಲ್ಲ, ಹಸಿ ಭತ್ತ ತಗೊಂಡು ಹೋದರೆ ದಲ್ಲಾಳಿ ಕೆಜಿ ಕೆಜಿ ಕಡಿಯುತ್ತಾನೆ. ಪೇಟೆಯಲ್ಲಿ ಕೂತು ಸೋನಾಮಸೂರಿ ಊಟ ಮಾಡೋರಿಗೆ ಇದೆಲ್ಲ ಗೊತ್ತಾಗಲ್ಲ.

ಜಾಲಿಗಿಡ

ನಾನೂ ರೈತನ ಮಗನೇ. ಒಣಗಿಸೋದು ತಪ್ಪು ಅನ್ನಲಿಲ್ಲ. ಕಲ್ಲು ಇಡಬೇಡಿ, ರಾತ್ರಿ ಬಳಿದು ತೆಗೆಯಿರಿ ಅಂದೆ.

ಎಡದಂಡೆ_ರೈತ

ಕಲ್ಲಿನ ವಿಷಯ ಒಪ್ಪಿದೆ.

ಚರ್ಚೆ_ಮೇಟಿ

ಭತ್ತದ ಜಗಳಕ್ಕೆ ಬೇರೆ ಪೋಸ್ಟ್ ಹಾಕಿಕೊಳ್ಳಿ. ಗಾಡಿ ನಂಬರು, ಹುಡುಗನ ಹೆಸರು ಯಾರೂ ಇಲ್ಲಿ ಹಾಕಬೇಡಿ.

ರಾಯಚೂರು_ಬಿಸಿಲು

ಮಂಡಿ ಆದರೂ ನೋವಿನಿಂದ ಗೊತ್ತಾಗುತ್ತದೆ. ತಲೆಯದ್ದು ಗೊತ್ತೇ ಆಗಲ್ಲ. ನಮ್ಮ ಮಾಮ ಆಟೊದಲ್ಲಿ ಹೋಗುವಾಗ ಗಂಜ್ ಹತ್ತಿರ ಹಂಪ್ ಮೇಲೆ ಹಾರಿ ತಲೆ ಮೇಲಿನ ರಾಡಿಗೆ ಬಡಿಯಿತು. ಬುಗುಟು ಕೂಡ ಬರಲಿಲ್ಲ. ತಿಂಗಳಾದ ಮೇಲೆ ಮಾತು ತೊದಲತೊಡಗಿತು, ಚಪ್ಪಲಿ ಕಾಲಿಂದ ಕಳಚಿ ಬೀಳುತ್ತಿತ್ತು, ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾವು ಬಿಸಿಲಿಗೆ ಹಾಗಾಗಿದೆ ಅಂತ ಮಜ್ಜಿಗೆ ಕುಡಿಸುತ್ತಾ ಕೂತೆವು. ಕೊನೆಗೆ ಸಿಟಿ ಸ್ಕ್ಯಾನ್ ಮಾಡಿಸಿದರೆ ತಲೆಬುರುಡೆ ಒಳಗೆ ರಕ್ತ ನಿಂತಿತ್ತು. ಬುರುಡೆಗೆ ತೂತು ಮಾಡಿ ತೆಗೆದರು, ಈಗ ಆರಾಮ ಇದ್ದಾರೆ.

ಕ್ಲೇಮ್ ಹಾಕಿದೆವು. ಆಟೊ ಯಾವುದು, ಯಾವ ದಿನ, ಬೇರೆ ಎಲ್ಲೂ ಬಿದ್ದಿಲ್ಲ ಅನ್ನೋದಕ್ಕೆ ಏನು ಸಾಕ್ಷಿ ಅಂತ ಹಿಂಡಿ ಹಿಪ್ಪೆ ಮಾಡಿದರು. ಟ್ರಿಬ್ಯೂನಲ್‌ನಲ್ಲಿ ಸೋತೆವು. ಧಾರವಾಡಕ್ಕೆ ಅಪೀಲು ಹೋಗಬೇಕು ಅಂದರು, ಬಿಟ್ಟುಬಿಟ್ಟೆವು.

ಕಪ್ಪುಕೋಟು_ಕೊಪ್ಪಳ

ರಾಯಚೂರಿನದಾದರೆ ಅಪೀಲು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುತ್ತದೆ. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ. ನಿಮಗೆ ಹೇಳಿದವರು ಅದನ್ನೇ ತಪ್ಪು ಹೇಳಿದ್ದಾರೆ ಅಂದರೆ ಉಳಿದದ್ದು ದೇವರೇ ಬಲ್ಲ.

ಕ್ಯಾಶುವಾಲ್ಟಿ_ನೈಟ್‌ಡ್ಯೂಟಿ

ಆ ಮಾಮನಂಥ ಕೇಸು ವಯಸ್ಸಾದವರಲ್ಲಿ, ರಕ್ತ ತೆಳು ಮಾಡುವ ಗುಳಿಗೆ ನುಂಗುವವರಲ್ಲಿ ಜಾಸ್ತಿ. ಸಣ್ಣ ಏಟು ಸಾಕು. ವಾರಗಟ್ಟಲೆ ಆದಮೇಲೆ ತಲೆನೋವು, ಮಂಕು, ನಡಿಗೆ ತಪ್ಪುವುದು ಶುರುವಾದರೆ ಮಜ್ಜಿಗೆ ಬಿಟ್ಟು ಸ್ಕ್ಯಾನ್‌ಗೆ ಕರೆತನ್ನಿ.

ಹ್ಯಾಂಡಲ್_ಬಿಟ್ಟವನು

ಎಲ್ಲರೂ ಏಟು ತಿಂದವರ ಕಡೆಯಿಂದ ಬರೆಯುತ್ತಿದ್ದೀರಿ. ನಾನು ಆ ಸ್ಕೂಟರ್ ಹುಡುಗನ ಜಾಗದಲ್ಲಿ ನಿಂತವನು. ಎರಡು ವರ್ಷದ ಹಿಂದೆ ಕುಷ್ಟಗಿ ಕಡೆ ನನ್ನ ಬೈಕಿನ ಮಿರರ್ ಒಬ್ಬರ ಮೊಣಕೈಗೆ ತಾಗಿತು. ಇಳಿದು ಕ್ಷಮೆ ಕೇಳಿದೆ, ಇಬ್ಬರೂ ಚಹಾ ಕುಡಿದೆವು. ಐದು ತಿಂಗಳಾದ ಮೇಲೆ ಕೋರ್ಟ್ ನೋಟಿಸ್! ಕಾಲು ಮುರಿದಿದೆ ಅಂತ. ಮೊಣಕೈಗೆ ತಾಗಿದರೆ ಕಾಲು ಹೇಗೆ ಮುರಿಯುತ್ತದೆ ಸ್ವಾಮಿ? ಅವತ್ತು ಆ ಮನುಷ್ಯ ನಡೆದು ಹೋಗೋದು ನನ್ನ ಜೊತೆಗಿದ್ದವನ ವಿಡಿಯೊದಲ್ಲಿ ಇತ್ತು, ಬಚಾವಾದೆ. ಆದರೂ ವರ್ಷಪೂರ್ತಿ ತಾರೀಕು ತಾರೀಕು ಓಡಾಡಿದೆ. ಈಗ ಯಾರಿಗೆ ತಾಗಿದರೂ ನಾನೇ 112ಕ್ಕೆ ಫೋನ್ ಮಾಡುತ್ತೇನೆ.

ಹುಲಗಿ_ಭಕ್ತೆ

ನೀವು ಹೇಳೋದೂ ನಿಜ. ಆದರೆ ಚಹಾ ಕುಡಿದ ಮಾತ್ರಕ್ಕೆ ನೋವಿಲ್ಲ ಅಂತ ಅಲ್ಲವಲ್ಲ. ಇವರ ಅಮ್ಮನೂ ಸೋಡಾ ಕುಡಿದು ಎದ್ದು ಮನೆಗೆ ನಡೆದವರೇ.

ಹ್ಯಾಂಡಲ್_ಬಿಟ್ಟವನು

ಅದಕ್ಕೇ ಹೇಳಿದ್ದು, ಅವತ್ತೇ ಕಾಗದ ಆಗಿಬಿಟ್ಟರೆ ಇಬ್ಬರಿಗೂ ಒಳ್ಳೆಯದು.

ಮೋತಿಸರ್ಕಲ್_ಮೊಬೈಲ್ · ಸೋಮವಾರ ಬೆಳಿಗ್ಗೆ

ಚೀಟಿ ಸಿಕ್ಕಿತು! ಅಮ್ಮನ ಪರ್ಸಿನಲ್ಲಿ, ಹುಲಿಗೆಮ್ಮನ ಭಂಡಾರದ ಪೊಟ್ಟಣದ ಜೊತೆ ಮಡಚಿಟ್ಟಿದ್ದರು. ಡಾಕ್ಟರ ಅಕ್ಷರ ಅರ್ಧ ಓದಲು ಆಗುತ್ತಿಲ್ಲ. ಮೇಲೆ "ಆರ್‌ಟಿಎ, 3 ದಿನ" ಅಂತ ಇದೆ. ಆರ್‌ಟಿಓ ಆಫೀಸಿಗೂ ಇದಕ್ಕೂ ಏನು ಸಂಬಂಧ?

ಕ್ಯಾಶುವಾಲ್ಟಿ_ನೈಟ್‌ಡ್ಯೂಟಿ

ಆರ್‌ಟಿಓ ಅಲ್ಲ ಮಾರಾಯರೇ 😂 ಆರ್‌ಟಿಎ ಅಂದರೆ ರೋಡ್ ಟ್ರಾಫಿಕ್ ಆಕ್ಸಿಡೆಂಟ್. ನಿಮ್ಮ ಅಮ್ಮ ಅಲ್ಲಿ ನಿಜ ಹೇಳಿದ್ದಾರೆ!

ಕಪ್ಪುಕೋಟು_ಕೊಪ್ಪಳ

ಅಮ್ಮ ನಿಮ್ಮನ್ನು ಉಳಿಸಿದರು. ಯಾವ ಕ್ಲೇಮಿನ ಯೋಚನೆಯೂ ಇಲ್ಲದಾಗ, ಮೂರನೇ ದಿನವೇ ಹೇಳಿದ ಮಾತು ಅದು. ಕೋರ್ಟಿನಲ್ಲಿ ಅದಕ್ಕೆ ತೂಕ ಇದೆ. ಆ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಬೇಡಿ, ಪಂಚ್ ಹಾಕಬೇಡಿ, ಹಾಗೇ ಇಡಿ. ಆ ಡಾಕ್ಟರ್ ಮುಂದೆ ಸಾಕ್ಷಿ ಹೇಳಲು ಬರುತ್ತಾರಾ ಕೇಳಿ. ಪಕ್ಕದ ಮನೆ ಅಕ್ಕನೂ ಸಾಕ್ಷಿ.

ಮಿರ್ಚಿ_ಮಂಡಕ್ಕಿ

ನಿನ್ನೆಯ ಮಾತಿಗೆ ಸಾರಿ ಅಣ್ಣಾ. ಒಂದು ಡೌಟ್. ಅಮ್ಮ ಹೇಳೋದೂ ಸರಿ ಅಲ್ವಾ, ದುಡ್ಡು ಆ ಹುಡುಗನ ಮನೆಯಿಂದ ತಾನೇ ಹೋಗೋದು?

ಕಪ್ಪುಕೋಟು_ಕೊಪ್ಪಳ

ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದರೆ ದುಡ್ಡು ಕೊಡುವುದು ಕಂಪನಿ. ಆ ಇನ್ಶೂರೆನ್ಸ್ ಇರೋದೇ ರಸ್ತೆಯಲ್ಲಿ ಹೋಗುವ ನಿಮ್ಮಮ್ಮನಂಥವರಿಗೋಸ್ಕರ. ಹುಡುಗನ ಮೇಲೆ ಕ್ರಿಮಿನಲ್ ಕೇಸ್ ಆಗುತ್ತದೆ, ಅದು ನಿಜ. ಮೂಳೆ ಬಿರುಕು ಅಂದರೆ ಕಾನೂನಿನ ಕಣ್ಣಲ್ಲಿ ತೀವ್ರ ಗಾಯ, ಹಲ್ಲು ಮುರಿದರೂ ತೀವ್ರ ಗಾಯವೇ. ಇನ್ಶೂರೆನ್ಸ್ ಇಲ್ಲದಿದ್ದರೆ ಮಾತ್ರ ಗಾಡಿಯ ಮಾಲೀಕ ಜೇಬಿನಿಂದ ಕೊಡಬೇಕು. ಅಲ್ಲಿ ಅಮ್ಮನ ಚಿಂತೆಗೆ ಅರ್ಥ ಇದೆ.

ಮಾನ್ವಿ_ಮೆಣಸಿನಕಾಯಿ

ಇನ್ಶೂರೆನ್ಸ್ ಇದ್ದರೂ ಎಲ್ಲರಿಗೂ ಸಿಗಲ್ಲ ಸರ್. ನಮ್ಮೂರ ಹೆಣ್ಣುಮಕ್ಕಳು ಹತ್ತಿ ಬಿಡಿಸಲು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೋಗುತ್ತಿದ್ದರು. ಹೊಲದ ದಾರಿಯಲ್ಲಿ, ನಡೆಯುವ ಸ್ಪೀಡಿನಲ್ಲಿ ಟ್ರಾಲಿ ಮಗುಚಿತು. ಒಬ್ಬಳಿಗೆ ಸೊಂಟ, ಇನ್ನೊಬ್ಬಳಿಗೆ ಕೈ. ಟ್ರಾಲಿ ಇರೋದು ಮಾಲು ಸಾಗಿಸಲು, ಜನರಿಗೆ ಅಲ್ಲ ಅಂತ ಕಂಪನಿ ಕೈ ಎತ್ತಿತು. ಟ್ರ್ಯಾಕ್ಟರ್ ಮಾಲೀಕ ಅದೇ ಊರಿನವನು, ಅವನಿಗೂ ಇರೋದು ನಾಲ್ಕು ಎಕರೆ. ಅವನ ಮೇಲೆ ಕೇಸ್ ಹಾಕಿದರೆ ನಾಳೆ ಕೂಲಿಗೆ ಯಾರು ಕರೆಯುತ್ತಾರೆ? ಸುಮ್ಮನಾದರು. ಸೊಂಟ ನೋವಿನವಳು ಈಗಲೂ ಬಗ್ಗಲು ಆಗದೆ ಕೂತೇ ಕಳೆ ತೆಗೆಯುತ್ತಾಳೆ.

ಜಾಲಿಗಿಡ

ಇದಕ್ಕೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ತೋರಣಗಲ್ಲು_ಶಿಫ್ಟ್

ನನಗೆ ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿ ಒರೆಸಿಕೊಂಡು ಹೋಯಿತು, ಕೆಂಪು ಧೂಳಲ್ಲಿ ನಂಬರ್ ಪ್ಲೇಟೇ ಕಾಣಲಿಲ್ಲ. ಕಾಲಿನ ಬೆರಳು ಎರಡು ಮುರಿದವು. ಗಾಡಿ ಗೊತ್ತಿಲ್ಲದಿದ್ದರೆ ಏನೂ ಇಲ್ಲವಾ?

ಕಪ್ಪುಕೋಟು_ಕೊಪ್ಪಳ

ಇದೆ. ಗುದ್ದಿ ಓಡಿಹೋದ ಕೇಸಿಗೆ ಕೇಂದ್ರದ ಯೋಜನೆ ಇದೆ. ತೀವ್ರ ಗಾಯಕ್ಕೆ 50,000, ಸಾವಾದರೆ 2 ಲಕ್ಷ. 2022ರ ಏಪ್ರಿಲ್‌ಗೆ ಮೊದಲು ಇದು 12,500 ಮತ್ತು 25,000 ಇತ್ತು. ಉಪವಿಭಾಗಾಧಿಕಾರಿ ಇಲ್ಲವೇ ತಹಶೀಲ್ದಾರ್ ಹತ್ತಿರ ಅರ್ಜಿ. ಎಫ್‌ಐಆರ್ ಮಾಡಿಸಿದ್ದೀರಾ?

ತೋರಣಗಲ್ಲು_ಶಿಫ್ಟ್

ಇಲ್ಲ. ಶಿಫ್ಟ್ ತಪ್ಪುತ್ತದೆ ಅಂತ ಹೋಗಲಿಲ್ಲ.

ಮಿರ್ಚಿ_ಮಂಡಕ್ಕಿ

ಇಡೀ ಜಿಲ್ಲೆಗೇ ಸ್ಟೇಷನ್ ಅಂದರೆ ಭಯ.

ಶಾರ್ಟ್‌ಕಟ್_ಸ್ವಾಮಿ

ವಕೀಲರ ಭಯ ಇಲ್ವಾ? ಬಂದ ದುಡ್ಡಲ್ಲಿ ಶೇ 30 ಅವರದ್ದೇ. ಆಸ್ಪತ್ರೆ ಗೇಟಿನಲ್ಲೇ ಏಜೆಂಟ್ ನಿಂತಿರುತ್ತಾನೆ, ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ.

ಕಪ್ಪುಕೋಟು_ಕೊಪ್ಪಳ

ಈ ಒಂದು ಮಾತು ನೀವು ಸರಿ ಹೇಳಿದಿರಿ. ಬರುವ ಹಣದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ, ಕೇಸು ಹುಡುಕಿಕೊಂಡು ಹೋಗುವುದನ್ನೂ ಒಪ್ಪುವುದಿಲ್ಲ. ಆದರೂ ನಡೆಯುತ್ತದೆ, ನಮ್ಮವರದೇ ತಪ್ಪು. ಮೊದಲೇ ಫೀಸ್ ಇಷ್ಟು ಅಂತ ಮಾತಾಡಿ. ಖಾಲಿ ಕಾಗದಕ್ಕೆ ಯಾರೂ ಸಹಿ ಹಾಕಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಆದಾಯ ಎಷ್ಟೇ ಇರಲಿ.

ಫಿಸಿಯೊ_ಅಕ್ಕ

ಬಿಪಿಎಲ್ ಕಾರ್ಡ್ ಇದ್ದರೆ ಆಪರೇಷನ್‌ಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕೇಳಿ ನೋಡಿ. ಕ್ಲೇಮ್ ದುಡ್ಡು ಬರೋದು ಯಾವಾಗಲೋ, ಮಂಡಿ ಕಾಯಲ್ಲ.

ಮೋತಿಸರ್ಕಲ್_ಮೊಬೈಲ್ · ಗುರುವಾರ

ಅಪ್‌ಡೇಟ್. ದೂರು ಕೊಟ್ಟೆ. ಸ್ಟೇಷನ್‌ನಲ್ಲಿ "ಇಷ್ಟು ದಿನ ಏನು ಮಾಡ್ತಿದ್ದೆ" ಅಂತ ಒಂದು ಸಲ ಬೈದರು, ಆಮೇಲೆ ಬರೆದುಕೊಂಡರು. ಸ್ನೇಹಿತ ಹೆದರಿಸಿದಷ್ಟು ಏನೂ ಇರಲಿಲ್ಲ.

ನಿನ್ನೆ ರಾತ್ರಿ ಹುಡುಗನ ಅಪ್ಪ ಮನೆಗೆ ಬಂದಿದ್ದರು. ವೆಲ್ಡಿಂಗ್ ಕೆಲಸ ಮಾಡುತ್ತಾರೆ. ಗಾಡಿಯ ಕಾಗದವೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದು ನಮ್ಮ ಕಟ್ಟೆ ಮೇಲೆ ಹರಡಿದರು. "ಇನ್ಶೂರೆನ್ಸ್ ಮುಗಿದು ಎರಡು ವರ್ಷ ಆಯಿತು ಸರ್, ಕಟ್ಟಿಲ್ಲ. ಮಗ ಕಲಿಕೆಯ ಲೈಸೆನ್ಸ್ ಎಲ್‌ಎಲ್‌ಆರ್ ಮೇಲೆ ಓಡಿಸುತ್ತಿದ್ದ. ತಿಂಗಳಿಗೆ 3 ಸಾವಿರ ಕೊಡುತ್ತೇನೆ, ಕೇಸ್ ಬೇಡ" ಅಂತ ಕೈ ಹಿಡಿದುಕೊಂಡರು. ಅಮ್ಮ ಒಳಗಿಂದ "ನಾನು ಹೇಳ್ಲಿಲ್ವಾ" ಅನ್ನುವ ಹಾಗೆ ನೋಡಿದರು. ಏನು ಮಾಡಬೇಕೋ ತೋಚುತ್ತಿಲ್ಲ.

ಹ್ಯಾಂಡಲ್_ಬಿಟ್ಟವನು

ಒಂದು ನಿಮಿಷ. ಸ್ಕೂಟರ್ ಯಾವಾಗ ತಗೊಂಡದ್ದು?

ಮೋತಿಸರ್ಕಲ್_ಮೊಬೈಲ್

ಆರ್‌ಸಿಯಲ್ಲಿ 2022 ಜನವರಿ ಇದೆ. ಹೊಸದಾಗಿ ಅವರೇ ಶೋರೂಮಿನಿಂದ ತಗೊಂಡದ್ದು.

ಹ್ಯಾಂಡಲ್_ಬಿಟ್ಟವನು

ಹಾಗಾದರೆ ಇನ್ಶೂರೆನ್ಸ್ ಇದೆ! 2018ರ ಸೆಪ್ಟೆಂಬರ್ ನಂತರ ತಗೊಂಡ ಹೊಸ ಟೂವೀಲರಿಗೆಲ್ಲ 5 ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಶೋರೂಮಿನಲ್ಲೇ ಕಟ್ಟಿಸಿಕೊಂಡಿರುತ್ತಾರೆ. ಮುಗಿದಿರೋದು ಗಾಡಿಯ ಸ್ವಂತ ಡ್ಯಾಮೇಜಿಗೆ ಇರೋ ಭಾಗ. ಪಾಲಿಸಿ ಕಾಗದದಲ್ಲಿ ಎರಡು ತಾರೀಕು ಇರುತ್ತದೆ, ಎರಡನೆಯದು ನೋಡಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೂ ಗೊತ್ತಾಗುತ್ತದೆ. ನೋಟಿಸ್ ಬಂದಾಗ ನನಗೂ ಇದು ಗೊತ್ತಿರದೆ ಒಂದು ರಾತ್ರಿ ನಿದ್ದೆ ಮಾಡಿರಲಿಲ್ಲ.

ಮೋತಿಸರ್ಕಲ್_ಮೊಬೈಲ್

ನೋಡಿದೆ. 2027 ಜನವರಿವರೆಗೆ ಇದೆ!! ಅವರಿಗೆ ಫೋನ್ ಮಾಡಿ ಹೇಳಿದೆ, ಐದು ನಿಮಿಷ ಆ ಕಡೆಯಿಂದ ಮಾತೇ ಇಲ್ಲ. ಆದರೆ ಎಲ್‌ಎಲ್‌ಆರ್?

ಕಪ್ಪುಕೋಟು_ಕೊಪ್ಪಳ

ಭೇಷ್ ಹ್ಯಾಂಡಲ್ ಅಣ್ಣಾ, ಇದನ್ನು ನಾನು ಮೊದಲೇ ಕೇಳಬೇಕಿತ್ತು. ಎಲ್‌ಎಲ್‌ಆರ್ ಕೂಡ ಲೈಸೆನ್ಸೇ ಅಂತ ಸುಪ್ರೀಂ ಕೋರ್ಟ್ 2004ರ ಸ್ವರ್ಣ ಸಿಂಗ್ ಕೇಸಿನಲ್ಲಿ ಹೇಳಿದೆ. ಅವಧಿ ಮುಗಿದಿರಬಾರದು. ಕಂಪನಿ ತಕರಾರು ತೆಗೆಯುತ್ತದೆ, ತೆಗೆಯಲಿ. ಕೆಲವು ಸಲ ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಅಂತ ಆದೇಶ ಆಗುತ್ತದೆ. ಆ ಅಪಾಯ ಇದೆ ಅಂತ ಹುಡುಗನ ಅಪ್ಪನಿಗೂ ಹೇಳಿ, ಮುಚ್ಚಿಡಬೇಡಿ.

ಎರಡು ದಾರಿ ಇವೆ. 164ನೇ ಸೆಕ್ಷನ್‌ನಲ್ಲಿ ತಪ್ಪು ಯಾರದು ಅಂತ ಸಾಬೀತು ಮಾಡುವ ತಂಟೆ ಇಲ್ಲ, ತೀವ್ರ ಗಾಯಕ್ಕೆ 2.5 ಲಕ್ಷ. ಅದನ್ನು ಒಪ್ಪಿಕೊಂಡರೆ ಟ್ರಿಬ್ಯೂನಲ್ ಅರ್ಜಿ ಅಲ್ಲಿಗೇ ಮುಗಿಯಿತು. 166ರಲ್ಲಿ ಹೋದರೆ ಹುಡುಗನ ತಪ್ಪು ತೋರಿಸಬೇಕು, ಆದರೆ ಒಂದೊಂದಕ್ಕೂ ಲೆಕ್ಕ ಬರುತ್ತದೆ. ಆಸ್ಪತ್ರೆ ಖರ್ಚು, ನೋವು, ಓಡಾಟ, ನೋಡಿಕೊಳ್ಳುವವರ ಖರ್ಚು, ದುಡಿಮೆ ಹೋಗಿದ್ದು. ಕಾಲಿಗೆ ಶೇ 30 ಊನ ಅಂತ ಡಾಕ್ಟರ್ ಹೇಳಿದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಶೇ 10 ಅಂತ ಹಿಡಿಯುವುದು ಹೆಚ್ಚಾಗಿ ನಡೆಯುವ ರೂಢಿ. 58 ವರ್ಷಕ್ಕೆ ಗುಣಕ (ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಸಂಖ್ಯೆ) 9. ತಿಂಗಳಿಗೆ 10,000 ಆದಾಯ ಅಂದುಕೊಂಡರೆ ಆ ಒಂದು ಬಾಬ್ತಿಗೆ 1,08,000. ಆದರೆ ಅವರು ಮಾಡುವ ಕೆಲಸಕ್ಕೆ ಆ ಕಾಲು ಎಷ್ಟು ಬೇಕು ಅನ್ನುವುದರ ಮೇಲೆ ಶೇಕಡಾ ಜಾಸ್ತಿಯೂ ಆಗಬಹುದು. ಅಮ್ಮ ಏನು ಮಾಡುತ್ತಾರೆ? ಗೃಹಿಣಿನಾ?

ಮೋತಿಸರ್ಕಲ್_ಮೊಬೈಲ್

ರೊಟ್ಟಿ ಮಾಡುತ್ತಾರೆ ಸರ್. ಜೋಳದ ರೊಟ್ಟಿ, ಎರಡು ಮೆಸ್ಸಿಗೆ. ದಿನಕ್ಕೆ 150ರ ಹತ್ತಿರ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ಬಡಿಯೋದು. ನಿಂತು ಬಡಿದರೆ ರೊಟ್ಟಿ ತೆಳ್ಳಗೆ ಬರಲ್ಲ ಅನ್ನುತ್ತಾರೆ. ಇನ್ನು ಹಾಗೆ ಕೂರುವ ಹಾಗಿಲ್ಲ ಅಂತ ಡಾಕ್ಟರ್ ಹೇಳಿದ ದಿನ ಊಟ ಮಾಡಿರಲಿಲ್ಲ.

ಹುಲಗಿ_ಭಕ್ತೆ

ಅಯ್ಯೋ. ಈಗ ಮೆಸ್ಸಿಗೆ ಯಾರು ಕೊಡುತ್ತಿದ್ದಾರೆ?

ಮೋತಿಸರ್ಕಲ್_ಮೊಬೈಲ್

ಕೌಲ್ ಬಜಾರ್‌ನ ಒಬ್ಬರು ಅಕ್ಕನಿಂದ ಮಾಡಿಸಿ ಕೊಡುತ್ತಿದ್ದೇವೆ, ಗಿರಾಕಿ ಬಿಟ್ಟುಹೋಗಬಾರದು ಅಂತ. ರೊಟ್ಟಿಗೆ ನಮಗೆ ಏನೂ ಉಳಿಯಲ್ಲ.

ಕಪ್ಪುಕೋಟು_ಕೊಪ್ಪಳ

ಆ ಅಕ್ಕನಿಗೆ ಕೊಟ್ಟ ದುಡ್ಡಿಗೆ ಪ್ರತಿ ವಾರ ಸಹಿ ತಗೊಳ್ಳಿ, ಇಲ್ಲವೇ ಫೋನ್‌ಪೇ ಮಾಡಿ. ಕೂರಲು ಆಗಲ್ಲ ಅನ್ನುವುದನ್ನು ಡಾಕ್ಟರ್ ಕೈಯಲ್ಲಿ ಬರೆಸಿ. ಇದು ಬರೀ ಶೇ 10ರ ಕೇಸಲ್ಲ. ಅಮ್ಮನ ಆದಾಯಕ್ಕೆ ಏನಾದರೂ ದಾಖಲೆ ಇದೆಯಾ? ಬ್ಯಾಂಕು, ರಸೀದಿ, ಏನಾದರೂ?

ಮೋತಿಸರ್ಕಲ್_ಮೊಬೈಲ್

ಬ್ಯಾಂಕಿಗೆ ಹಾಕಿದ್ದೇ ಇಲ್ಲ. ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಅಮ್ಮ ದಿನಾ ಪೆನ್ಸಿಲ್‌ನಿಂದ ಬರೆಯುತ್ತಾರೆ. ಯಾವ ಮೆಸ್ಸಿಗೆ ಎಷ್ಟು ರೊಟ್ಟಿ, ಎಷ್ಟು ಬಾಕಿ ಅಂತ. ಹಿಂದಿನ ಎರಡು ವರ್ಷದ ಕ್ಯಾಲೆಂಡರೂ ಅದರ ಹಿಂದೆಯೇ ನೇತಾಡುತ್ತಿವೆ. ಆ ಸಂಜೆಯಿಂದ ಈಚೆಗೆ ಮಾತ್ರ ಖಾಲಿ.

ಕಪ್ಪುಕೋಟು_ಕೊಪ್ಪಳ

ಮೂರನ್ನೂ ಮೊಳೆಯಿಂದ ಇಳಿಸಿ ಜೋಪಾನವಾಗಿ ಇಡಿ. ಮೆಸ್ಸಿನವರ ಹತ್ತಿರವೂ ಅವರ ಲೆಕ್ಕದ ಪುಸ್ತಕ ಇರುತ್ತದೆ, ಕೇಳಿ. ಖಾಲಿ ಇರುವ ದಿನಗಳಲ್ಲಿ ಮಾತ್ರ ಯಾರೂ ಏನೂ ಬರೆಯಬೇಡಿ.